ಮಕ್ಕಳಿಗಾಗಿ ಸ್ಟಫಿಂಗ್: ಉಪ್ಪು, ಬೆಣ್ಣೆ ಇಳಿಸಿ ಮಫಿನ್ ಅಚ್ಚಿನಲ್ಲಿ ಬೇಯಿಸಿದ್ದು

ಈ ಸಲದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನನ್ನ ಪಾಲಿಗೆ ಬಂದದ್ದು ಸ್ಟಫಿಂಗ್. ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ. ನವೆಂಬರಿನ ನಾಲ್ಕನೇ ಗುರುವಾರ ಬರುವ ಈ ಹಬ್ಬಕ್ಕೆ ಮಗನ ಗೆಳೆಯನ ಮನೆಯಲ್ಲಿ ಊಟ. ಟರ್ಕಿ ಕೋಳಿ ಆ ಮನೆಯವರದು, ಉಳಿದದ್ದನ್ನು ನಾವೆಲ್ಲ ಹಂಚಿಕೊಂಡು ಮಾಡುತ್ತೇವೆ. "ಮಕ್ಕಳು ಸ್ಟಫಿಂಗ್ ಮುಟ್ಟೋದಿಲ್ಲ, ದೊಡ್ಡವರಿಗೆ ಸಾಕಾಗುವಷ್ಟು ತನ್ನಿ" ಅಂದಿದ್ದರು. ಆ ಮಾತಿಗೇ ನನಗೆ ಹಟ ಬಂತು.

ಸ್ಟಫಿಂಗ್ ಅಂದರೆ ಒಣಗಿದ ಬ್ರೆಡ್ ತುಂಡು, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ ಮತ್ತು ಸೆಲರಿ, ಸೇಜ್ ಅನ್ನುವ ಘಮದ ಎಲೆ, ಮೇಲೆ ಸ್ಟಾಕ್, ಅಂದರೆ ತರಕಾರಿ ಇಲ್ಲವೇ ಮಾಂಸ ಬೇಯಿಸಿ ಸೋಸಿದ ನೀರು ಸುರಿದು ಓವನ್‌ನಲ್ಲಿ ಬೇಯಿಸಿದ್ದು. ಟರ್ಕಿಯ ಹೊಟ್ಟೆಯೊಳಗೆ ತುಂಬುವವರೂ ಇದ್ದಾರೆ. ನಮ್ಮದು ಮೊದಲಿನಿಂದಲೂ ಬೇರೆ ಪಾತ್ರೆಯಲ್ಲೇ. ಮನೆಯಲ್ಲಿ ಸಸ್ಯಾಹಾರಿಗಳಿದ್ದಾರೆ ಅನ್ನುವುದು ಒಂದು ಕಾರಣ. ಇನ್ನೊಂದು, ಹೊಟ್ಟೆಯೊಳಗಿನ ಸ್ಟಫಿಂಗ್‌ನ ನಡುಭಾಗ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಮುಟ್ಟಲೇಬೇಕು. ಅಷ್ಟು ಹೊತ್ತಿಗೆ ಹೊರಗಿನ ಮಾಂಸ ಒಣಗಿ ಹೋಗಿರುತ್ತದೆ. ಬೇರೆಯಾಗಿ ಬೇಯಿಸುವುದೇ ಸುರಕ್ಷಿತ ಅಂತ ಇಲ್ಲಿನ ಕೃಷಿ ಇಲಾಖೆಯೂ ಹೇಳುತ್ತದೆ.

ಊರಿಂದ ಬಂದಿರುವ ಅತ್ತೆ ಕೆಲಸ ಶುರುವಾಗುವ ಮೊದಲೇ ಒಂದು ಪ್ರಶ್ನೆ ಎಸೆದರು. "ಇದು ನಮ್ಮ ಬ್ರೆಡ್ ಉಪ್ಪಿಟ್ಟೇ ಅಲ್ವೇನಮ್ಮ? ಸಾಸಿವೆ, ಕರಿಬೇವು ಒಗ್ಗರಣೆ ಹಾಕಿಬಿಡು, ಮುಗೀತು." ಒಗ್ಗರಣೆ ಬೀಳಲಿಲ್ಲ. ಮಕ್ಕಳಿಗೆ ಬೇಕಾದದ್ದು ಗೆಳೆಯರ ಮನೆಯಲ್ಲಿ ಎಲ್ಲರ ತಟ್ಟೆಯಲ್ಲಿ ಇರುವಂಥದ್ದೇ. ಅದರ ರೂಪ, ವಾಸನೆ ಬದಲಾಗಬಾರದು. ಬದಲಾಗಬೇಕಾದದ್ದು ಉಪ್ಪು, ಬೆಣ್ಣೆ ಮತ್ತು ಮೆತ್ತಗಿನ ಆ ಮುದ್ದೆತನ.

ಮೊದಲು ಲೆಕ್ಕ

ಆರೋಗ್ಯಕರ ಸ್ಟಫಿಂಗ್ ಅಂತ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಕೇಲ್ ಸೊಪ್ಪು ತುಂಬಿದ ಪಾಕವಿಧಾನ. ಕೇಲ್ ಹಾಕಿ ನೋಡಿದೆ. ಮಗಳು ಒಂದೊಂದೇ ಎಳೆಯನ್ನು ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ಹಬ್ಬದ ಊಟದಲ್ಲಿ ಸೊಪ್ಪನ್ನು ಬಚ್ಚಿಟ್ಟು ತಿನ್ನಿಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಅಷ್ಟಕ್ಕೂ ಸ್ಟಫಿಂಗ್‌ನ ತೊಂದರೆ ಸೊಪ್ಪು ಇಲ್ಲದಿರುವುದಲ್ಲ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಬೆಣ್ಣೆ.

ಹನ್ನೆರಡು ಪಾಲಿಗೆ ಮಾಮೂಲಿ ಲೆಕ್ಕ ಹೀಗೆ. ಸುಮಾರು 350 ಗ್ರಾಂ ಬ್ರೆಡ್ಡಿನಲ್ಲೇ 1500 ಮಿಲಿಗ್ರಾಂ ಸೋಡಿಯಂ. ಅಂಗಡಿಯ ಡಬ್ಬಿ ಸ್ಟಾಕ್ ಎರಡು ಕಪ್, ಕಪ್ಪಿಗೆ 800ರಂತೆ 1600. ಉಪ್ಪು ಹಾಕಿದ ಬೆಣ್ಣೆ ಒಂದು ಸ್ಟಿಕ್, ಅಂದರೆ 113 ಗ್ರಾಂ, ಅದರಲ್ಲಿ 700. ಮೇಲೆ ಅರ್ಧ ಟೀ ಚಮಚ ಉಪ್ಪು, ಅದು 1150. ಎಲ್ಲ ಸೇರಿ 5000ದ ಹತ್ತಿರ ಬಂತು ಅಲ್ವಾ? ಒಂದು ಪಾಲಿಗೆ 400ಕ್ಕೂ ಜಾಸ್ತಿ. ಅಮೆರಿಕದ ಆಹಾರ ಮಾರ್ಗಸೂಚಿಯ ಪ್ರಕಾರ 4ರಿಂದ 8 ವರ್ಷದ ಮಗುವಿಗೆ ದಿನದ ಮಿತಿ 1500 ಮಿಲಿಗ್ರಾಂ, 9ರಿಂದ 13ರವರಿಗೆ 1800. ಸ್ಟಫಿಂಗ್ ಬರೀ ನೆಂಚಿಕೊಳ್ಳುವ ಐಟಂ. ಇದರ ಜೊತೆ ಗ್ರೇವಿ, ಟರ್ಕಿ, ಬನ್ನು ಎಲ್ಲ ಇರುತ್ತದೆ.

ಬೆಣ್ಣೆಯ ಆ ಒಂದು ಸ್ಟಿಕ್‌ನಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು 57 ಗ್ರಾಂ. ಮಿಶ್ರಣ ಹಿಡಿಸಲು ಹಾಕುವ ಎರಡು ಮೊಟ್ಟೆಯದ್ದೂ ಸೇರಿಸಿದರೆ ಪಾಲಿಗೆ ಐದು ಗ್ರಾಂ ಬಂತು.

ಉಪ್ಪಿನ ಮುಕ್ಕಾಲು ಪಾಲು ನಾನು ಕೈಯಿಂದ ಹಾಕುವುದೇ ಅಲ್ಲ, ಅಂಗಡಿಯ ಪೊಟ್ಟಣದಿಂದ ಬರುವುದು. ಕತ್ತರಿ ಹಾಕಬೇಕಾದ ಜಾಗ ಅದೇ. ನಾಲಿಗೆಗೆ ತಕ್ಷಣ ತಿಳಿಯುವ ಕೊನೆಯ ಚಿಟಿಕೆ ಉಪ್ಪನ್ನು ಉಳಿಸಿಕೊಂಡು, ತಿಳಿಯದ ಕಡೆ ಇಳಿಸಬೇಕು.

ಬ್ರೆಡ್

ಹೆಚ್ಚು ಸಮಯ ತಿಂದದ್ದು ಇದೇ. ಕಾಳು ಕಾಳಾಗಿರುವ ಕಂದು ಗೋಧಿ ಬ್ರೆಡ್ ಹಾಕಿದರೆ ಕಹಿ ಒಗರು ಬರುತ್ತದೆ. ಕೆಂಪು ಗೋಧಿಯ ತೌಡಿನ ಗುಣ ಅದು. ಮಕ್ಕಳ ನಾಲಿಗೆ ಕಹಿಗೆ ನಮಗಿಂತ ಚುರುಕು. ಅರ್ಧ ಬಿಳಿ, ಅರ್ಧ ಕಂದು ಬೆರೆಸಿದರೆ ಇನ್ನೂ ಕಷ್ಟ. ಬಿಳಿಯದು ಮೊದಲು ಕರಗುತ್ತದೆ, ಕಂದು ಹಾಗೇ ನಿಲ್ಲುತ್ತದೆ. ಮಗ ಬಣ್ಣ ನೋಡಿ ಆರಿಸಿ ತಿಂದ.

ಕೊನೆಗೆ ನೆಲೆ ನಿಂತದ್ದು "ವೈಟ್ ಹೋಲ್ ವೀಟ್" ಬ್ರೆಡ್ಡಿನ ಮೇಲೆ. ಇದು ಮೈದಾ ಅಲ್ಲ. ಬಿಳಿ ಜಾತಿಯ ಗೋಧಿಯನ್ನು ತೌಡು ಸಮೇತ ಬೀಸಿದ್ದು. ನಾರು ಇರುತ್ತದೆ, ಆ ಒಗರು ಇರುವುದಿಲ್ಲ. ನಮ್ಮ ಚಪಾತಿ ಹಿಟ್ಟಿನ ಗೋಧಿಯೂ ಹೆಚ್ಚಾಗಿ ಇದೇ ತರಹದ್ದು, ಹಾಗಾಗಿ ಮಕ್ಕಳಿಗೆ ರುಚಿ ಹೊಸದಲ್ಲ. ಕೊಳ್ಳುವಾಗ ಹಿಂದಿನ ಚೀಟಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಹೋಲ್ ವೀಟ್ ಅಂತಲೇ ಇರಬೇಕು. ಬರೀ "ವೀಟ್ ಬ್ರೆಡ್" ಅಂತ ಬರೆದು ಕಂದು ಬಣ್ಣ ಬಂದಿದ್ದರೆ ಅದು ಮೈದಾಗೆ ಬಣ್ಣ ಕೊಟ್ಟದ್ದೂ ಆಗಿರಬಹುದು. ಸೋಡಿಯಂ ಹೋಳಿಗೆ 130 ಮಿಲಿಗ್ರಾಂ ಇದ್ದದ್ದು ಸಿಕ್ಕಿತು.

ಎಳ್ಳನ್ನೂ ನೋಡಿಕೊಳ್ಳಿ. 2023ರ ಜನವರಿ 1ರಿಂದ ಅಮೆರಿಕದಲ್ಲಿ ಎಳ್ಳು ಒಂಬತ್ತನೇ ಮುಖ್ಯ ಅಲರ್ಜಿ ಪದಾರ್ಥ, ಚೀಟಿಯ ಮೇಲೆ ಹೇಳಲೇಬೇಕು. ತಮಾಷೆ ಅಂದರೆ, ಯಂತ್ರಗಳಲ್ಲಿ ಎಳ್ಳಿನ ಸೋಂಕು ತಪ್ಪಿಸುವುದು ಕಷ್ಟ ಅಂತ ಕೆಲವು ಬ್ರೆಡ್ ತಯಾರಕರು ಬೇಕೆಂದೇ ಸ್ವಲ್ಪ ಎಳ್ಳಿನ ಹಿಟ್ಟು ಸೇರಿಸಿ, ಚೀಟಿಯಲ್ಲಿ ಬರೆದು ಕೈ ತೊಳೆದುಕೊಂಡರು. ಮೊದಲು ಎಳ್ಳಿಲ್ಲದ ಬ್ರೆಡ್ಡಿನಲ್ಲಿ ಈಗ ಇರಬಹುದು. ಬೇರೆಯವರ ಮಕ್ಕಳಿಗೆ ಕೊಡುವಾಗ ಇದು ಸಣ್ಣ ವಿಷಯವಲ್ಲ.

ಮುಂದೆ ಒಣಗಿಸುವುದು. ಹಳೇ ಬ್ರೆಡ್ ಇದ್ದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬ್ರೆಡ್ ಹಳತಾಗಿ ಗಟ್ಟಿಯಾಗುವುದು ಮುಖ್ಯವಾಗಿ ಒಳಗಿನ ಪಿಷ್ಟ ಮತ್ತೆ ಹರಳುಗಟ್ಟುವುದರಿಂದ. ನೀರು ಬಹುಪಾಲು ಒಳಗೇ ಇರುತ್ತದೆ. ಅಂಥ ತುಂಡಿಗೆ ಸ್ಟಾಕ್ ಸುರಿದರೆ ಹೊರಗೆ ಅಂಟಂಟು, ಒಳಗೆ ಸಪ್ಪೆ. ನೀರು ಹೊರಗೆ ಹೋದರೆ ಮಾತ್ರ ಸ್ಟಾಕಿಗೆ ಜಾಗ. ತಾಜಾ ಬ್ರೆಡ್ಡನ್ನೇ ತಟ್ಟೆಯಲ್ಲಿ ಹರಡಿ 275 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ 135 ಸೆಲ್ಸಿಯಸ್, ಮುಕ್ಕಾಲು ಗಂಟೆ ಇಟ್ಟೆ. ನಡುವೆ ಒಮ್ಮೆ ಕೈಯಾಡಿಸಿದೆ. ತಕ್ಕಡಿಯಲ್ಲಿ 350 ಗ್ರಾಂ ಇದ್ದದ್ದು 240ಕ್ಕೆ ಇಳಿಯಿತು. ಬಣ್ಣ ಬರಬಾರದು, ಹಿಸುಕಿದರೆ ಮುರಿಯಬೇಕು.

ತುಂಡು ಮಾಡುವ ಕೆಲಸ ಮಕ್ಕಳದ್ದು. ಚಾಕು ಬೇಡ, ಕೈಯಿಂದಲೇ ಹರಿಯಲಿ. ಹರಿದ ಅಂಚು ಒರಟು, ಓವನ್‌ನಲ್ಲಿ ಅದೇ ಮೊದಲು ಗರಿಗರಿ ಆಗುವುದು. ಆದರೆ ಆರು ವರ್ಷದವನ ಕೈಯಲ್ಲಿ ಕಾಲು ಪಾಲು ಪುಡಿಯಾಗುತ್ತದೆ. ಪುಡಿಯೇ ಸ್ಟಫಿಂಗನ್ನು ಗೊಜ್ಜು ಮಾಡುವುದು. 1972ರಲ್ಲಿ ಜನರಲ್ ಫುಡ್ಸ್ ಕಂಪನಿ ಸ್ಟವ್ ಟಾಪ್ ಅನ್ನುವ ದಿಢೀರ್ ಸ್ಟಫಿಂಗ್ ಡಬ್ಬಿ ತಂದಿತು. ಅದರ ಹಿಂದಿದ್ದ ರೂತ್ ಸೀಮ್ಸ್ ಮತ್ತು ಜೊತೆಗಾರರಿಗೆ 1975ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ಗುಟ್ಟು ಇದ್ದದ್ದು ಬ್ರೆಡ್ ತುಣುಕಿನ ಅಳತೆಯಲ್ಲೇ. ಡಬ್ಬಿಯ ಉಪ್ಪನ್ನು ನಾನು ಬೈಯುತ್ತೇನೆ, ಆ ಅಳತೆಯ ಬುದ್ಧಿಗೆ ಮಾತ್ರ ಶರಣು. ದೊಡ್ಡ ರಂಧ್ರದ ಜರಡಿ ಹಿಡಿದು ಪುಡಿ ಬೇರೆ ಮಾಡಿದೆ. ಅರ್ಧ ಅಂಗುಲದ ಆಸುಪಾಸಿನ ತುಂಡುಗಳು ಮಾತ್ರ ಒಳಗೆ. ಪುಡಿಯನ್ನು ಒಂದು ಬಟ್ಟಲಲ್ಲಿ ಇಟ್ಟುಕೊಂಡೆ, ಮೇಲೆ ಉದುರಿಸಲು.

ಸ್ಟಾಕ್

ಅಂಗಡಿಯಲ್ಲಿ ಕೊಳ್ಳುವುದಾದರೆ ಒಂದು ಮಾತು. "ರೆಡ್ಯೂಸ್ಡ್ ಸೋಡಿಯಂ" ಅಂದರೆ ಮಾಮೂಲಿಗಿಂತ ಕಡೇಪಕ್ಷ ಶೇಕಡಾ 25 ಕಡಿಮೆ, ಅಷ್ಟೇ. 800ರ ಕಡೆ 600 ಇರಬಹುದು. "ಲೋ ಸೋಡಿಯಂ" ಅಂತ ಬರೆಯಬೇಕಾದರೆ ಒಂದು ಪಾಲಿಗೆ 140 ಮಿಲಿಗ್ರಾಂ ಮೀರುವಂತಿಲ್ಲ. ಎರಡೂ ಒಂದೇ ಅಂದುಕೊಂಡು ಕೊಳ್ಳುವವರೇ ಜಾಸ್ತಿ.

ನಾನು ಮನೆಯಲ್ಲೇ ಮಾಡಿದೆ. ಈರುಳ್ಳಿ ಒಂದು, ಕ್ಯಾರೆಟ್ ತುದಿಗಳು, ಸೆಲರಿ ಎಲೆ, ಪಾರ್ಸ್ಲಿ ದಂಟು, ಅಣಬೆಯ ಕಾಂಡ, ಒಂದು ಬಿರಿಯಾನಿ ಎಲೆ, ನಾಲ್ಕು ಮೆಣಸಿನ ಕಾಳು. ಜೊತೆಗೆ ನಾಲ್ಕು ಒಣ ಶಿಟಾಕಿ ಅಣಬೆ ಮತ್ತು ಒಂದು ಚಮಚ ಉಪ್ಪಿಲ್ಲದ ಟೊಮೇಟೊ ಪೇಸ್ಟ್. ಕೊನೆಯ ಎರಡು ಮುಖ್ಯ. ಟೊಮೇಟೊದಲ್ಲಿ ಗ್ಲುಟಮೇಟ್ ಅನ್ನುವ ರುಚಿಯ ಅಂಶ ಇದೆ, ಒಣ ಶಿಟಾಕಿಯಲ್ಲಿ ಗ್ವಾನಿಲೇಟ್ ಅನ್ನುವುದು. ಎರಡೂ ಸೇರಿದರೆ ಬಾಯಿ ತುಂಬುವ ರುಚಿ ಬರುತ್ತದೆ, ಉಪ್ಪಿನ ಕೊರತೆ ಅಷ್ಟು ತಿಳಿಯುವುದಿಲ್ಲ. ಆರು ಕಪ್ ನೀರು ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಟ್ಟು, ನಾಲ್ಕು ಕಪ್ಪಿಗೆ ಇಳಿಸಿ ಸೋಸಿದೆ. ಒಂದು ಹರಳು ಉಪ್ಪು ಹಾಕಲಿಲ್ಲ. ಬೇಕಾದದ್ದು ಎರಡು ಕಪ್, ಉಳಿದದ್ದು ಫ್ರೀಜರಿಗೆ.

ಬಾಣಲೆಯಲ್ಲಿ

225 ಗ್ರಾಂ ಬಟನ್ ಅಣಬೆಯನ್ನು ಕಾಳಿನಷ್ಟು ಸಣ್ಣಗೆ ಹೆಚ್ಚಿದೆ. ಅಣಬೆ ಅಂದರೆ ಮಗನಿಗೆ ಆಗುವುದಿಲ್ಲ. ಅವನಿಗೆ ಆಗದಿರುವುದು ಆ ಜಾರುವ ಗುಣ, ರುಚಿಯಲ್ಲ. ಎಣ್ಣೆಯಿಲ್ಲದ ಒಣ ಬಾಣಲೆಯಲ್ಲಿ ದೊಡ್ಡ ಉರಿಯಿಟ್ಟು ನೀರೆಲ್ಲ ಆರುವ ತನಕ ಹುರಿದರೆ ಜಾರುವುದು ಹೋಗುತ್ತದೆ. ಸಣ್ಣ ಸಣ್ಣ ಕಂದು ಚೂರು ಉಳಿಯುತ್ತದೆ, ಬ್ರೆಡ್ಡಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಅವನು ಕೇಳಿದರೆ ಸುಳ್ಳು ಹೇಳುವುದಿಲ್ಲ ಅಂತ ನಿರ್ಧಾರ ಮಾಡಿದ್ದೆ. ಅವನು ಕೇಳಲಿಲ್ಲ.

ಆಮೇಲೆ ಎರಡು ಟೇಬಲ್ ಚಮಚ ಆಲಿವ್ ಎಣ್ಣೆ, ಒಂದು ಟೇಬಲ್ ಚಮಚ ಉಪ್ಪಿಲ್ಲದ ಬೆಣ್ಣೆ. ಬೆಣ್ಣೆಯನ್ನು ಪೂರ್ತಿ ಬಿಡಬೇಡಿ. ಹಬ್ಬದ ವಾಸನೆ ಬರುವುದು ಅದರಿಂದಲೇ, ಅಷ್ಟಕ್ಕೆ ಒಂದು ಚಮಚ ಸಾಕು. ದೊಡ್ಡ ಈರುಳ್ಳಿ ಒಂದು, ಸೆಲರಿ ಎರಡು ದಂಟು, ದೊಡ್ಡ ಕ್ಯಾರೆಟ್ ತುರಿದದ್ದು. ಸೆಲರಿಯ ಬೆನ್ನ ಮೇಲಿನ ನಾರನ್ನು ಪೀಲರ್‌ನಿಂದ ಎಳೆದು ತೆಗೆಯಿರಿ. ಮಕ್ಕಳು ಉಗಿಯುವುದು ಆ ನಾರನ್ನೇ. ಈರುಳ್ಳಿ ಹೊಂಬಣ್ಣಕ್ಕೆ ಬರುವ ತನಕ ಹತ್ತು ಹನ್ನೆರಡು ನಿಮಿಷ ಬಿಡದೆ ಬಾಡಿಸಿದರೆ ಸಿಹಿ ತಾನಾಗಿ ಬರುತ್ತದೆ.

ಸೇಜ್ ವಿಷಯದಲ್ಲಿ ದೊಡ್ಡವರ ಜೊತೆ ಜಗಳ ಆಗಬಹುದು. ಮಾಮೂಲಿ ಅಳತೆ ಎರಡು ಟೀ ಚಮಚ ಒಣ ಎಲೆ. ಮಗಳು ಅದಕ್ಕೆ ಕರ್ಪೂರದ ವಾಸನೆ ಅಂದಳು. ಸುಳ್ಳಲ್ಲ, ಸೇಜ್ ಎಣ್ಣೆಯಲ್ಲಿ ಕರ್ಪೂರದ ಅಂಶ ಇದ್ದೇ ಇದೆ. ಅರ್ಧ ಚಮಚಕ್ಕೆ ಇಳಿಸಿ, ಒಂದು ಚಮಚ ಥೈಮ್ ಮತ್ತು ಒಂದು ಹಿಡಿ ಪಾರ್ಸ್ಲಿ ಹಾಕಿದೆ. ಥೈಮ್ ನಮ್ಮ ಮಕ್ಕಳಿಗೆ ಬೇಗ ಹಿಡಿಸುತ್ತದೆ. ಓಮದ ಕಾಳಿಗೆ ವಾಸನೆ ಕೊಡುವ ಥೈಮಾಲ್ ಇದರಲ್ಲೂ ಇದೆ. ಕೋಡುಬಳೆ ತಿಂದು ಬೆಳೆದ ಮೂಗಿಗೆ ಅದು ಪರಿಚಯದ ವಾಸನೆ.

ಸಿಹಿಗೆ ಎಲ್ಲರೂ ಒಣ ಕ್ರ್ಯಾನ್‌ಬೆರಿ ಹಾಕುತ್ತಾರೆ. ಅದರ ಹುಳಿ ಮುಚ್ಚಲು ಸಕ್ಕರೆ ಚೆನ್ನಾಗಿಯೇ ಸುರಿದಿರುತ್ತಾರೆ, ಕಾಲು ಕಪ್ಪಿಗೆ 25 ಗ್ರಾಂ ಆಸುಪಾಸು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಎರಡು ವರ್ಷ ದಾಟಿದ ಮಕ್ಕಳಿಗೆ ಹೇಳುವ ಇಡೀ ದಿನದ ಮಿತಿಯೇ 25 ಗ್ರಾಂ. ಅದರ ಬದಲು ಒಂದು ಹನಿಕ್ರಿಸ್ಪ್ ಸೇಬು ಹಾಕಿದೆ. ಈ ತಳಿ ಮಿನ್ನೆಸೋಟ ವಿಶ್ವವಿದ್ಯಾಲಯದ್ದೇ, 1991ರಲ್ಲಿ ಬಿಡುಗಡೆ ಆದದ್ದು, ಇಲ್ಲಿನವರಿಗೆ ಅದರ ಮೇಲೆ ಸ್ವಲ್ಪ ಜಂಬವೂ ಇದೆ. ಸಿಪ್ಪೆ ತೆಗೆದು ಅರ್ಧ ಸೆಂಟಿಮೀಟರ್ ಚೂರು ಮಾಡಿ ಒಲೆ ಆರಿಸಿದ ಮೇಲೆ ಸೇರಿಸಿದೆ. ಸಿಪ್ಪೆ ಬಿಟ್ಟರೆ ನಾರು ಸಿಗುತ್ತದೆ ನಿಜ, ಆದರೆ ಓವನ್‌ನಲ್ಲಿ ಸುರುಳಿಯಾಗಿ ಹಲ್ಲಿಗೆ ಸಿಕ್ಕುತ್ತದೆ. ನಾರನ್ನು ಬ್ರೆಡ್ ಕೊಡುತ್ತದೆ, ಸಿಪ್ಪೆಯ ಹಂಗು ಬೇಡ. ಅರ್ಧ ಕಪ್ ಸಿಹಿ ಜೋಳ ಕೂಡ ಹಾಕಿದೆ. ಬೀಜಗಳು, ಬಾದಾಮಿ, ವಾಲ್‌ನಟ್ ಪೂರ್ತಿ ಕೈಬಿಟ್ಟೆ. ಅಲರ್ಜಿಯ ಭಯ ಒಂದು, ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕುವ ಭಯ ಇನ್ನೊಂದು.

ಉಪ್ಪು ಕಾಲು ಟೀ ಚಮಚ ಮಾತ್ರ. ಅದೂ ಬಾಣಲೆಗೆ ಅಲ್ಲ, ಯಾಕೆ ಅಂತ ಮುಂದೆ.

ಮೊಟ್ಟೆಯೋ, ಕಡಲೆಹಿಟ್ಟೋ

ಮಫಿನ್ ಅಚ್ಚಿನಿಂದ ಇಡಿಯಾಗಿ ಎದ್ದು ಬರಬೇಕಾದರೆ ಹಿಡಿಸುವ ಪದಾರ್ಥ ಬೇಕು. ಒಂದೇ ಮಿಶ್ರಣವನ್ನು ಭಾಗ ಮಾಡಿ ನೋಡಿದೆ. ಏನೂ ಹಾಕದ್ದು ಚಮಚ ತಾಗಿಸಿದ ಕೂಡಲೇ ಉದುರಿತು. ಮೊಟ್ಟೆ ಹಾಕಿದ್ದು ಕೈಯಲ್ಲಿ ಹಿಡಿದು ಕಚ್ಚುವ ಹಾಗಾಯಿತು, ಹನ್ನೆರಡಕ್ಕೆ ಎರಡು ಮೊಟ್ಟೆ ಸಾಕು. ಅಗಸೆ ಬೀಜದ ಪುಡಿ ನೆನೆಸಿ ಹಾಕಿದ್ದು ಹಿಡಿಯಿತು, ಆದರೆ ನಡುವೆ ಲೋಳೆ ಲೋಳೆ. ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಅವರೇ "ಕಡಲೆಹಿಟ್ಟು ಹಾಕು" ಅಂದರು. ಎರಡು ಮೊಟ್ಟೆಯ ಬದಲು ಐದು ಟೇಬಲ್ ಚಮಚ ಕಡಲೆಹಿಟ್ಟು, ಅಷ್ಟೇ ನೀರಲ್ಲಿ ಗಂಟಿಲ್ಲದ ಹಾಗೆ ಕಲಸಿದ್ದು. ಚೆನ್ನಾಗಿ ಹಿಡಿಯಿತು. ಐದು ನಿಮಿಷ ಹೆಚ್ಚು ಬೇಯಿಸದಿದ್ದರೆ ಹಸಿ ವಾಸನೆ ಉಳಿಯುತ್ತದೆ, ಬೇಯಿಸಿದರೆ ಇಲ್ಲ. ಪ್ರೋಟೀನೂ ಸಿಗುತ್ತದೆ. ಮೊಟ್ಟೆ ತಿನ್ನದ ಮನೆಗಳಿಗೆ ನನ್ನ ಶಿಫಾರಸು ಇದೇ.

ಅಚ್ಚು ಮತ್ತು ಓವನ್

ಮಕ್ಕಳು ಸ್ಟಫಿಂಗ್ ಬೇಡ ಅನ್ನುವುದು ಹೆಚ್ಚಾಗಿ ಅದರ ಮುದ್ದೆತನಕ್ಕೆ. ಅಗಲ ತಟ್ಟೆಯಲ್ಲಿ ಬೇಯಿಸಿದರೆ ಗರಿಗರಿ ಮೇಲ್ಪದರ ಮತ್ತು ನಾಲ್ಕು ಮೂಲೆ ಮಾತ್ರ ಚೆನ್ನ. ಅದನ್ನು ದೊಡ್ಡವರು ಮೊದಲೇ ಕೆರೆದುಕೊಂಡಿರುತ್ತಾರೆ. ಮಕ್ಕಳ ತಟ್ಟೆಗೆ ನಡುವಿನ ಹಸಿ ಮುದ್ದೆ. ಮಫಿನ್ ಅಚ್ಚಿನಲ್ಲಿ ಪ್ರತಿಯೊಂದಕ್ಕೂ ಸುತ್ತಲೂ ಅಂಚು ಸಿಗುತ್ತದೆ. ಪಾಲಿನ ಅಳತೆಯೂ ತಾನಾಗಿ ಆಗುತ್ತದೆ, ಒಂದು ಅಚ್ಚು ಸುಮಾರು ಅರ್ಧ ಕಪ್.

ಒಣಗಿದ ಬ್ರೆಡ್, ಬಾಡಿಸಿದ ತರಕಾರಿ ಎಲ್ಲ ಸೇರಿಸಿ, ಮೊಟ್ಟೆ ಬೆರೆಸಿದ ಸ್ಟಾಕನ್ನು ಒಂದೂವರೆ ಕಪ್ ಮೊದಲು ಸುರಿದೆ. ಹತ್ತು ನಿಮಿಷ ಬಿಟ್ಟು ನೋಡಿ ಉಳಿದ ಅರ್ಧ ಕಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿದೆ. ಹಿಸುಕಿದರೆ ಒದ್ದೆ ಅನಿಸಬೇಕು, ನೀರು ತೊಟ್ಟಿಕ್ಕಬಾರದು. ಎಣ್ಣೆ ಸವರಿದ ಅಚ್ಚಿಗೆ ತುಂಬಿ ಬೆರಳಿನಿಂದ ಮೆಲ್ಲಗೆ ಒತ್ತಿದೆ. ಮೇಲೆ ಜರಡಿ ಹಿಡಿದ ಆ ಪುಡಿ. ಕಾಲು ಚಮಚ ಉಪ್ಪನ್ನು ಈ ಪುಡಿಗೆ ಬೆರೆಸಿದ್ದೆ. ನಾಲಿಗೆ ಮೊದಲು ಮುಟ್ಟುವುದು ಮೇಲ್ಭಾಗವನ್ನೇ, ಅಲ್ಲಿರುವ ಸ್ವಲ್ಪ ಉಪ್ಪು ಒಳಗೆ ಕರಗಿದ ಜಾಸ್ತಿ ಉಪ್ಪಿನಷ್ಟೇ ಕೆಲಸ ಮಾಡುತ್ತದೆ.

375 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 190 ಸೆಲ್ಸಿಯಸ್‌ನಲ್ಲಿ 25 ನಿಮಿಷ. ನಡುವೆ ಥರ್ಮಾಮೀಟರ್ ಚುಚ್ಚಿದರೆ 165 ತೋರಿಸಬೇಕು. ಹೊರಗೆ ತೆಗೆದು ಐದು ನಿಮಿಷ ಬಿಟ್ಟು, ಅಂಚಿನಲ್ಲಿ ಚಾಕು ಆಡಿಸಿ ಎಬ್ಬಿಸಿ. ಹನ್ನೆರಡು ತುಂಬಿ ಒಂದು ಸಣ್ಣ ಬಟ್ಟಲಿನಷ್ಟು ಉಳಿಯಿತು.

ಹೊಸ ಲೆಕ್ಕ: ಬ್ರೆಡ್ಡಿನಿಂದ 1200 ಮಿಲಿಗ್ರಾಂ, ಉಪ್ಪಿನಿಂದ 575, ಮೊಟ್ಟೆ ಮತ್ತು ಸೆಲರಿಯಿಂದ ಇನ್ನೂರು. ಒಂದಕ್ಕೆ 160 ಚಿಲ್ಲರೆ. ಸ್ಯಾಚುರೇಟೆಡ್ ಕೊಬ್ಬು ಐದು ಗ್ರಾಂನಿಂದ ಒಂದು ಗ್ರಾಂ ಚಿಲ್ಲರೆಗೆ ಬಂತು.

ದೊಡ್ಡವರಿಗೆ ಬೇರೆ ತಟ್ಟೆ ಮಾಡಿದೆ. ಅದಕ್ಕೆ ಸೇಜ್ ಪೂರ್ತಿ ಅಳತೆ, ಜೊತೆಗೆ ಬೇಯಿಸಿದ ವೈಲ್ಡ್ ರೈಸ್. ಹೆಸರಿಗೆ ಅಕ್ಕಿ, ನಿಜಕ್ಕೆ ಇಲ್ಲಿನ ಕೆರೆಗಳಲ್ಲಿ ಬೆಳೆಯುವ ಒಂದು ಹುಲ್ಲಿನ ಕಾಳು. ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನ ದೋಣಿಯಲ್ಲಿ ಹೋಗಿ, ಕೋಲಿನಿಂದ ತೆನೆ ಬಡಿದು ಕಾಳು ದೋಣಿಯೊಳಕ್ಕೆ ಉದುರಿಸಿಕೊಳ್ಳುತ್ತಾರೆ. 1977ರಿಂದ ಅದು ಮಿನ್ನೆಸೋಟದ ರಾಜ್ಯ ಧಾನ್ಯ. ಅಗಿಯಲು ಚೆಂದ. ಮಕ್ಕಳಿಗೆ ಮಾತ್ರ ಅದು ಕಪ್ಪು ಕಡ್ಡಿ.

ಹಬ್ಬದ ದಿನ

ಬ್ರೆಡ್ಡನ್ನು ಮೊದಲೇ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಇಡಬಹುದು. ತರಕಾರಿ ಹಿಂದಿನ ದಿನ ಬಾಡಿಸಿ ಫ್ರಿಜ್ಜಿನಲ್ಲಿಡಬಹುದು. ಕಲಸುವುದು ಮಾತ್ರ ಬೇಯಿಸುವ ಮುಂಚೆಯೇ. ಹಸಿ ಮೊಟ್ಟೆ ಬೆರೆಸಿದ ಮಿಶ್ರಣವನ್ನು ರಾತ್ರಿಯಿಡೀ ಇಡಬೇಡಿ.

ಬಿಸಿ ಮಫಿನ್‌ಗಳನ್ನು ಫಾಯಿಲ್‌ನಲ್ಲಿ ಸುತ್ತಿದರೆ ತಮ್ಮದೇ ಹಬೆಯಲ್ಲಿ ಮೆತ್ತಗಾಗುತ್ತವೆ, ಮಾಡಿದ ಕೆಲಸವೆಲ್ಲ ಹಾಳು. ಪೂರ್ತಿ ಆರಿಸಿ, ಫ್ರಿಜ್ಜಿಗಿಟ್ಟು ತಣ್ಣಗೇ ಒಯ್ದೆ. ಅಲ್ಲಿ ಓವನ್ ಟರ್ಕಿಗೆ ಮೀಸಲು. ಆದರೆ ಟರ್ಕಿ ಹೊರಗೆ ಬಂದ ಮೇಲೆ ಕೊಯ್ಯುವ ಮುಂಚೆ ಅರ್ಧ ಗಂಟೆ ಸುಮ್ನೆ ಬಿಡುತ್ತಾರೆ. ಆ ಅರ್ಧ ಗಂಟೆ ಓವನ್ ಖಾಲಿ, ಬಿಸಿಯೂ ಇರುತ್ತದೆ. 350 ಡಿಗ್ರಿಯಲ್ಲಿ ಮುಚ್ಚದೆ ಹದಿನೈದು ನಿಮಿಷ ಇಟ್ಟೆ. ನಡುವೆ ಮತ್ತೆ 165 ಮುಟ್ಟಿತು, ಅಂಚು ಮತ್ತೆ ಗರಿಗರಿ.

ಮೇಜಿನ ಮೇಲೆ ಕೆಚಪ್ ಇಡಬೇಡಿ ಅಂತ ಆ ಮನೆಯವರಿಗೆ ಮೊದಲೇ ಹೇಳಿದ್ದೆ. ಒಂದು ಟೇಬಲ್ ಚಮಚ ಕೆಚಪ್‌ನಲ್ಲಿ 150 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಒಂದು ಮಫಿನ್‌ನಷ್ಟೇ. ಬದಲು ಕಿತ್ತಳೆ ರಸದಲ್ಲಿ ಬೇಯಿಸಿದ ತಾಜಾ ಕ್ರ್ಯಾನ್‌ಬೆರಿ ಸಾಸ್ ಇತ್ತು. ಸಕ್ಕರೆ ಸ್ವಲ್ಪ ಹಾಕಲೇಬೇಕಾಯಿತು, ಇಲ್ಲದಿದ್ದರೆ ಅದನ್ನು ಬಾಯಿಗೆ ಇಡಲಾಗದು. ಮಕ್ಕಳು ಕೈಯಲ್ಲೇ ಹಿಡಿದು ಅದ್ದಿಕೊಂಡು ತಿಂದರು. ಇಬ್ಬರು ಮೇಲ್ಭಾಗ ಮಾತ್ರ ತಿಂದು ತಳ ಬಿಟ್ಟರು. ಒಬ್ಬಳು ಮುಟ್ಟಲೇ ಇಲ್ಲ, ಬನ್ನೊಂದೇ ಸಾಕಂತೆ. ಉಳಿದವರದು ಪೂರ್ತಿ ಖಾಲಿ. ಮುಂದಿನ ಸಲ ಮಿನಿ ಮಫಿನ್ ಅಚ್ಚು ಹಿಡಿಯುತ್ತೇನೆ, ತಳವೇ ಇಲ್ಲದಂತಾಗುತ್ತದೆ. ಹೊತ್ತು ಹದಿನೈದು ನಿಮಿಷಕ್ಕೆ ಇಳಿಸಬೇಕಾಗಬಹುದು.

ಉಳಿದದ್ದು

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ, ಮೂರು ನಾಲ್ಕು ದಿನದೊಳಗೆ ಮುಗಿಸಿ. ಮೈಕ್ರೋವೇವ್ ಬೇಡ, ಮತ್ತೆ ಮುದ್ದೆಯಾಗುತ್ತದೆ. ನಾವು ಮಾರನೆಯ ದಿನ ದೊಡ್ಡವರ ತಟ್ಟೆಯದ್ದನ್ನು ವಾಫಲ್ ಅಚ್ಚಿನಲ್ಲಿ ಒತ್ತಿ, ಮುಚ್ಚಳ ಹಾಕಿ, ಹಬೆ ನಿಲ್ಲುವ ತನಕ ಬಿಟ್ಟೆವು. ವಾಫಲ್ ಅಚ್ಚು ಇಲ್ಲದವರು ದೋಸೆ ತವಾದಲ್ಲಿ ಸಣ್ಣ ಉರಿಯಲ್ಲಿ ಒತ್ತಿ ಎರಡೂ ಕಡೆ ಕೆಂಪಗೆ ಮಾಡಿಕೊಳ್ಳಬಹುದು. ಅತ್ತೆ ತಮ್ಮ ಕಡಲೆಹಿಟ್ಟಿನ ಮಫಿನ್ ಅನ್ನು ಹಾಗೇ ಒತ್ತಿಕೊಂಡು, ಪಕ್ಕದಲ್ಲಿ ಚಟ್ನಿಪುಡಿ ಹಾಕಿಕೊಂಡರು. ಅದರ ಸೋಡಿಯಂ ಲೆಕ್ಕ ಕೇಳಲು ನಾನು ಹೋಗಲಿಲ್ಲ.